ಬಾಲ್ಯದ ಬಡತನವೂ ಶಾಲೆಯ ಪಾಠವೂ

ಕೆನರಾ ಕರಾವಳಿಯಲ್ಲಿ ಜೂನ್ ತಿಂಗಳ ಆರಂಭದಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಒಟ್ಟಿಗೇ ಜರುಗುತ್ತವೆ. ಶಾಲೆಗಳು ತೆರೆಯುತ್ತವೆ, ಕಡಲು ಮುಚ್ಚುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬಂದರುಗಳಲ್ಲಿ ಯಂತ್ರದೋಣಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ಸರಕಾರದ ನಿಷೇಧವಿದೆ. ಅದು ಮೀನು ಮರಿಮಾಡುವ ಕಾಲ. ಆದುದರಿಂದ ನಿಷೇಧವು ನ್ಯಾಯವಾದುದೇ. ನಾಡದೋಣಿಯವರಿಗೆ ಈ ತಡೆ ಇಲ್ಲವಾದರೂ ಮುಂಗಾರಿನ ತೆರೆಗಳು ಅವರನ್ನು ಅನೇಕ ದಿನ ದಡದಲ್ಲಿಯೇ ಕೂರಿಸುತ್ತವೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿದು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ಕಲ್ಲು ಕಡಿಯುವ, ಮಣ್ಣು ಹೊರುವ, ಮನೆ ಕಟ್ಟುವ ಕೂಲಿಗಳೂ ಆಗ ವಿರಳ. ಹೀಗೆ ಮನೆಯಲ್ಲಿ ಕಾಸು ಅತ್ಯಂತ ಕಡಿಮೆಯಿರುವ ವಾರದಲ್ಲಿಯೇ ಮಗುವಿಗೆ ನೋಟುಪುಸ್ತಕ ಬೇಕು, ಕೊಡೆ ಬೇಕು, ಚಪ್ಪಲಿ ಬೇಕು. ಹಸಿವೂ ಪಾಠವೂ ಒಂದೇ ದಿನ ಪ್ರಾರಂಭವಾಗುತ್ತವೆ.

ಬಡತನವು ಓದಿಗೆ ಅಡ್ಡಿ ಎಂಬ ಮಾತು ಹೊಸದೇನಲ್ಲ. ಆದರೆ ಅದು ಯಾವ ದಾರಿಯಿಂದ ಬಂದು ಯಾವ ಸ್ಥಳದಲ್ಲಿ ಮಗುವನ್ನು ಹಿಡಿಯುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. "ದುಡ್ಡಿಲ್ಲ, ಆದ್ದರಿಂದ ಓದಿಲ್ಲ" ಎನ್ನುವುದು ವಿವರಣೆಯಾಗಲಾರದು. ಜ್ವರಕ್ಕೆ ಕಾರಣವೇನೆಂದು ಕೇಳಿದಾಗ "ಮೈ ಬಿಸಿಯಾಗಿದೆ" ಎಂದು ಹೇಳಿದಂತಾಯಿತು ಅಷ್ಟೆ. ಕಳೆದ ಕೆಲವು ದಶಕಗಳಲ್ಲಿ ವೈದ್ಯರೂ ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಈ ದಾರಿಗಳನ್ನು ಒಂದೊಂದಾಗಿ ಹುಡುಕಿ ಅಳೆದಿದ್ದಾರೆ. ಅವರು ಕಂಡುದನ್ನು ನಮ್ಮ ಮೂರು ತಾಲ್ಲೂಕುಗಳ ನೆಲದ ಮೇಲಿಟ್ಟು ನೋಡುವುದು ಇಲ್ಲಿನ ಉದ್ದೇಶ.

ಮೊದಲು ಒಂದು ಎಚ್ಚರಿಕೆ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಕ್ಷರರು ಶೇಕಡಾ 84. ರಾಜ್ಯದ ಸರಾಸರಿ ಶೇಕಡಾ 75. ಈ ಅಂಕೆಯನ್ನು ಕಂಡು ನಿಶ್ಚಿಂತರಾಗುವವರು ಬಹಳ. ಸರಾಸರಿ ಎಂಬುದು ಪೇಟೆಯ ವಕೀಲರ ಮನೆಯನ್ನೂ ಗುಡ್ಡದ ತಪ್ಪಲಿನ ಕೊಪ್ಪವನ್ನೂ ಒಂದೇ ಕೊಳಗದಲ್ಲಿ ಅಳೆದು ಸಮ ಮಾಡಿಬಿಡುತ್ತದೆ. ಖಾರ್ವಿ, ಮೊಗೇರ, ಅಂಬಿಗರ ಕೇರಿಗಳಲ್ಲಿ, ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ, ಭಟ್ಕಳದ ಗೊಂಡರ ಹಾಗೂ ಮುಕ್ರಿಯವರ ಹಟ್ಟಿಗಳಲ್ಲಿ ಮಗು ಹತ್ತನೆಯ ತರಗತಿಯನ್ನು ಮುಟ್ಟುವ ಬಗೆ ಬೇರೆ. ಓದಲು ಬರೆಯಲು ಬಲ್ಲೆನೆಂದು ಗಣತಿದಾರರಿಗೆ ಹೇಳುವುದು ಬೇರೆ, ಓದಿನಿಂದ ಬದುಕು ಬದಲಾಗುವಷ್ಟು ಕಾಲ ಶಾಲೆಯಲ್ಲಿ ಉಳಿಯುವುದು ಬೇರೆ.

ಶಾಲೆ ಈಗ ಉಚಿತ. 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆ (ಈ ಜಿಲ್ಲೆ 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತಷ್ಟೆ), 1961ರ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ, 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ, ಈ ಮೂರೂ ಅದನ್ನೇ ಹೇಳಿವೆ. ಫೀಜು ಇಲ್ಲ, ಪಠ್ಯಪುಸ್ತಕಕ್ಕೆ ಹಣವಿಲ್ಲ. ಆದರೂ ಬಡವರ ಮನೆಗೆ ಶಾಲೆ ಉಚಿತವಾಗುವುದಿಲ್ಲ. ಏಕೆಂದರೆ ಆ ಮನೆಯಲ್ಲಿ ಮಗುವಿನ ಹೊತ್ತಿಗೂ ಬೆಲೆಯುಂಟು. ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯನ್ನು ನೋಡಿರಿ. ನೀರಿಳಿದಾಗ ನೂರಾರು ಜನ ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಇಳಿತದ ವೇಳೆಯನ್ನು ನಿರ್ಧರಿಸುವವನು ಚಂದ್ರ. ಚಂದ್ರನ ದಿನ ನಮ್ಮ ದಿನಕ್ಕಿಂತ ಸುಮಾರು 50 ನಿಮಿಷ ಉದ್ದ. ಆದುದರಿಂದ ಇಂದು ಬೆಳಿಗ್ಗೆ ಎಂಟಕ್ಕೆ ಇಳಿದ ನೀರು ನಾಳೆ ಎಂಟು ಐವತ್ತಕ್ಕೆ, ನಾಡಿದ್ದು ಒಂಬತ್ತು ನಲವತ್ತಕ್ಕೆ ಇಳಿಯುತ್ತದೆ. ಪ್ರತಿ ಪಕ್ಷದಲ್ಲಿ ಕೆಲವು ದಿನ ಇಳಿತವು ಶಾಲೆಯ ನಟ್ಟನಡುವಿನ ಹೊತ್ತಿಗೆ ಬಂದು ಕೂಡುತ್ತದೆ. ತಾಯಿ ನೀರಿಗಿಳಿದರೆ ಕೈಗೂಸನ್ನು ನೋಡುವವರು ಯಾರು? ಮನೆಯಲ್ಲಿರುವ ಹತ್ತು ವರ್ಷದ ಹುಡುಗಿ. ಅವಳು ಆ ದಿನ ಶಾಲೆ ತಪ್ಪಿಸಿದರೆ ಹಾಜರಿಪುಸ್ತಕದಲ್ಲಿ ಬೀಳುವ ಗೈರುಹಾಜರಿಯ ಗುರುತಿಗೆ ಸೋಮಾರಿತನ ಕಾರಣವಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಕೈಬಿಟ್ಟ ಗಳಿಕೆ ಎನ್ನುವರು. ಸರಕಾರದ ಯಾವ ಆಯವ್ಯಯ ಪತ್ರದಲ್ಲಿಯೂ ಈ ಬಾಬು ಕಾಣದು. ಬಡವರ ಮನೆಯ ಲೆಕ್ಕದಲ್ಲಿ ಮಾತ್ರ ಅದೇ ಮೊದಲ ಸಾಲು.

ದೂರದ ಮಾತು ಬೇಗ ಮುಗಿಸಬಹುದು. ನದಿಗಳು ಅಡ್ಡ ಹರಿಯುವ, ಹಳ್ಳಗಳು ಲೆಕ್ಕವಿಲ್ಲದಷ್ಟಿರುವ ಸೀಮೆಯಿದು. ನದೀಮಧ್ಯದ ನಡುಗಡ್ಡೆಗೆ ಇಲ್ಲಿ ಕುರ್ವೆ ಎನ್ನುತ್ತಾರೆ. ಅಘನಾಶಿನಿಯಲ್ಲಿರುವ ಐಗಳಕುರ್ವೆ ಅಂಥದೊಂದು. ಹಳ್ಳಕ್ಕೆ ಅಡಕೆಮರದ ದಬ್ಬೆಯನ್ನೋ ಮರದ ದಿಮ್ಮಿಯನ್ನೋ ಅಡ್ಡ ಹಾಕಿದರೆ ಅದು ಸಂಕ. ಬೇಸಿಗೆಯಲ್ಲಿ ಕಲ್ಲುಗಳ ಮೇಲೆ ಕಾಲಿಟ್ಟು ದಾಟುವ ಹಳ್ಳ ಆಷಾಢದಲ್ಲಿ ಸಂಕವನ್ನೇ ಕೊಚ್ಚಿಕೊಂಡು ಹೋಗಬಲ್ಲುದು. ಪ್ರಾಥಮಿಕ ಶಾಲೆ ಹತ್ತಿರವಿದ್ದರೂ ಪ್ರೌಢಶಾಲೆ ಹಳ್ಳದಾಚೆ ಇರುವುದೇ ಹೆಚ್ಚು. ಶಿಕ್ಷಣದ ಹಕ್ಕು ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತದೆ. ದೂರವು ಹೆಚ್ಚುವುದೂ, ಹುಡುಗನ ತೋಳಿಗೆ ಮಲ್ಪೆಯಲ್ಲೋ ಗೋವೆಯಲ್ಲೋ ದೋಣಿಯ ಕೂಲಿ ಸಿಕ್ಕುವುದೂ ಸರಿಸುಮಾರು ಅದೇ ವಯಸ್ಸಿನಲ್ಲಿ.

ಇಷ್ಟು ಹೊರಗಿನ ಕಾರಣಗಳು. ಒಳಗಿನ ಕಾರಣಗಳು ಇನ್ನೂ ಮುಂಚೆ, ಮಗು ಶಾಲೆಯ ಮೆಟ್ಟಲು ಹತ್ತುವ ಮೊದಲೇ ಆರಂಭವಾಗಿರುತ್ತವೆ. ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲುಭಾಗದಷ್ಟು ತೂಗುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಅದು ಮುಕ್ಕಾಲು ಭಾಗವನ್ನು ಮುಟ್ಟಿಬಿಡುತ್ತದೆ. ಇಷ್ಟು ವೇಗದ ಕಟ್ಟಡಕ್ಕೆ ಸಾಮಗ್ರಿ ಬೇಡವೇ? ಸುಮಾರು ಐದು ವರ್ಷದ ಮಗುವಿನ ದೇಹವು ದಿನವೊಂದಕ್ಕೆ ವ್ಯಯಿಸುವ ಶಕ್ತಿಯಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಮಿದುಳಿಗೇ ಸಲ್ಲುತ್ತದೆಂದು ಲೆಕ್ಕ ಹಾಕಿದ್ದಾರೆ. ಅನ್ನ ಸಾಲದಾದಾಗ ದೇಹವು ಜಾಣತನದಿಂದ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಮಗು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಳ್ಳಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಹೀಗೆ ಕುಂಠಿತರು. ರಕ್ತಹೀನತೆ ಇದ್ದವರು ಶೇಕಡಾ 65. ಕುಳ್ಳಾಗುವುದು ಸ್ವತಃ ದೋಷವಲ್ಲ. ಆದರೆ ಎಲುಬನ್ನು ತಡೆದ ಕೊರತೆ ಎಲುಬಿನಲ್ಲಿಯೇ ನಿಲ್ಲುವುದಿಲ್ಲ. ರಕ್ತಕ್ಕೆ ಬೇಕಾದ ಕಬ್ಬಿಣವೇ ಮಿದುಳಿನ ನರತಂತುಗಳ ಹೊದಿಕೆಗೂ ಬೇಕು. ಅದು ಕಡಿಮೆಯಾದ ಮಗು ಗಲಾಟೆ ಮಾಡುವುದಿಲ್ಲ, ಅಳುವುದಿಲ್ಲ, ಸುಮ್ಮನೆ ಕುಳಿತಿರುತ್ತದೆ. ಮೇಷ್ಟರು ಅದನ್ನು ಒಳ್ಳೆಯ ಹುಡುಗ, ಆದರೆ ಮಂದ ಎಂದು ಬರೆದಿಡುತ್ತಾರೆ.

ಈ ಕಬ್ಬಿಣವನ್ನು ಕದಿಯುವ ಕಳ್ಳನೊಬ್ಬ ನಮ್ಮ ಕರಾವಳಿಯ ಮಣ್ಣಿಗೆ ಬಹಳ ಒಗ್ಗಿದವನು. ಅವನೇ ಕೊಕ್ಕೆಹುಳು. ಬೆಚ್ಚನೆಯ, ತೇವದ, ಮರಳು ಬೆರೆತ, ನೆರಳಿರುವ ನೆಲ ಇದರ ಮರಿಗೆ ಪ್ರಿಯ. ಇದಕ್ಕಿಂತ ಚೆನ್ನಾಗಿ ತೆಂಗಿನ, ಅಡಕೆಯ ತೋಟದಂಚನ್ನು ವರ್ಣಿಸುವುದು ಕಷ್ಟ! ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕ ಮರಿ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೇರಿ, ನುಂಗಲ್ಪಟ್ಟು ಕರುಳನ್ನು ಸೇರುತ್ತದೆ. ಅಲ್ಲಿ ಕಚ್ಚಿ ಹಿಡಿದು ಕೂತರೆ, ಜಾತಿಗನುಸಾರವಾಗಿ ಒಂದೊಂದು ಹುಳು ದಿನಕ್ಕೆ 0.03ರಿಂದ 0.2 ಮಿಲಿಲೀಟರಿನಷ್ಟು ರಕ್ತವನ್ನು ನಷ್ಟಗೊಳಿಸುತ್ತದೆ. ಹನಿಯೂ ಅಲ್ಲದ ಹನಿ. ಆದರೆ ನೂರು ಹುಳುಗಳಿದ್ದರೆ? ಜೂನ್ ತಿಂಗಳಲ್ಲಿ ಕೊಳ್ಳಲಾಗದ ಆ ಚಪ್ಪಲಿಯನ್ನು ಈಗ ಓದುಗರು ಮತ್ತೊಮ್ಮೆ ನೆನೆದುಕೊಳ್ಳಬೇಕು. 2015ರಿಂದ ದೇಶದ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಹುಳು ನಿವಾರಣಾ ದಿನವನ್ನಾಚರಿಸಿ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡುತ್ತಿರುವುದು ಇದಕ್ಕಾಗಿಯೇ.

ಅನ್ನ, ರಕ್ತಗಳಾಚೆಗೆ ಇನ್ನೊಂದು ದಾರಿಯಿದೆ, ಅದು ಮನಸ್ಸಿನದು. ಬಡವರು ತಪ್ಪು ತೀರ್ಮಾನಗಳನ್ನು ಕೈಕೊಳ್ಳುತ್ತಾರೆ, ಆದ್ದರಿಂದ ಬಡವರಾಗಿಯೇ ಉಳಿಯುತ್ತಾರೆ ಎಂಬ ಮಾತನ್ನು ಉಂಡು ಕುಳಿತವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೋ ಎಂಬ ನಾಲ್ವರು ವಿದ್ವಾಂಸರು ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ 2013ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕಬ್ಬಿನ ಹಣ ವರ್ಷಕ್ಕೊಮ್ಮೆ ಬರುತ್ತದೆ. ಕಟಾವಿನ ಮುಂಚೆ ಕೈ ಖಾಲಿ, ಅನಂತರ ತುಂಬು. ಅದೇ ರೈತನಿಗೆ ಕಟಾವಿಗೆ ಮುಂಚೆ ಒಮ್ಮೆ, ಬಳಿಕ ಒಮ್ಮೆ ತರ್ಕದ, ಏಕಾಗ್ರತೆಯ ಪರೀಕ್ಷೆಗಳನ್ನು ಕೊಟ್ಟರು. ಮುಂಚಿನ ಪರೀಕ್ಷೆಯಲ್ಲಿ ಅವನು ಸ್ಪಷ್ಟವಾಗಿ ಹಿಂದೆ ಬಿದ್ದನು. ವ್ಯಕ್ತಿ ಅವನೇ, ಬುದ್ಧಿ ಅದೇ. ಹಣದ ಚಿಂತೆ ಮನಸ್ಸಿನ ಅಂಗಳವನ್ನು ಆಕ್ರಮಿಸಿಕೊಂಡಿತ್ತು, ಉಳಿದ ವಿಚಾರಗಳಿಗೆ ಸ್ಥಳ ಸಾಲದಾಗಿತ್ತು. ಕಟಾವಿನ ಮುಂಚಿನ ಕಬ್ಬು ಬೆಳೆಗಾರನಿಗೂ ಜುಲೈ ತಿಂಗಳ ಮೀನುಗಾರನಿಗೂ ಏನು ಅಂತರ? ಪರೀಕ್ಷೆಗೊಳಗಾದವರು ವಯಸ್ಕರು, ಮಕ್ಕಳಲ್ಲ, ನಿಜ. ಆದರೆ ಸಾಲದ ಲೆಕ್ಕವನ್ನೇ ಎಣಿಸುತ್ತ ಕುಳಿತ ತಂದೆ ಮಗುವಿನೊಡನೆ ಮಾತನಾಡುವುದು ಎಷ್ಟು?

ಈ ಮಾತುಕತೆಯ ಬೆಲೆಯನ್ನೂ ಅಳೆದವರಿದ್ದಾರೆ. 1986–87ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಬಡಕೇರಿಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಎಂಬ ವೈದ್ಯೆ ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಆರಿಸಿಕೊಂಡರು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆ ಹೋಗಿ, ಮನೆಯ ಸಾಮಾನಿನಿಂದಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಹೇಗೆ ಆಡಿಸಬೇಕು, ಹೇಗೆ ಮಾತನಾಡಿಸಬೇಕು ಎಂದು ತಾಯಂದಿರಿಗೆ ತೋರಿಸಿಕೊಟ್ಟರು. ಎರಡು ವರ್ಷ ನಡೆದ ಕೆಲಸವದು. ಇಪ್ಪತ್ತು ವರ್ಷಗಳ ತರುವಾಯ ಆ ಮಕ್ಕಳನ್ನು ಹುಡುಕಿ ನೋಡಿದಾಗ, ಹಾಗೆ ಆಡಿಸಿಕೊಂಡವರ ಗಳಿಕೆ ಉಳಿದ ಕುಂಠಿತರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಆಟಿಕೆಗೆ ಖರ್ಚಾದುದು ಬಹು ಸ್ವಲ್ಪ. ಬೇಕಾದುದು ತಾಯಿಯ ಬಿಡುವು. ಬಡತನದಲ್ಲಿ ದುಡ್ಡಿಗಿಂತ ದುರ್ಲಭವಾದುದೂ ಅದೇ.

ಇಷ್ಟು ಹೇಳಿದಾಗ ಒಂದು ಸಂಶಯ ಬರಬಹುದು: ಶಾಲೆಗೆ ಹೋಗದವರೆಲ್ಲ ಅಜ್ಞಾನಿಗಳೇ? ಖಂಡಿತ ಅಲ್ಲ. ಪಕ್ಕದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು ಎಂದೂ ಶಾಲೆಗೆ ಹೋದವರಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯೊಡನೆ ಸಸ್ಯಪಾಲನೆಯ ಕೂಲಿಗೆ ಹೋದವರು. ಕಾಡಿನ ಮರಗಳ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಸಬೇಕು ಎಂಬ ಅವರ ತಿಳಿವಳಿಕೆಯನ್ನು ಅರಣ್ಯಾಧಿಕಾರಿಗಳೇ ಕೊಂಡಾಡಿದರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದ ಅವರು 2024ರಲ್ಲಿ ತೀರಿಕೊಂಡರು. ಆದರೆ ಅವರ ಉದಾಹರಣೆಯಿಂದ ಶಾಲೆ ಬೇಡವೆಂಬ ನಿರ್ಣಯಕ್ಕೆ ಬರುವುದು ಅನ್ಯಾಯ. ಅಂಥ ಬುದ್ಧಿಶಕ್ತಿಗೆ ಅಕ್ಷರವೂ ದೊರೆತಿದ್ದರೆ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಇನ್ನು ನಷ್ಟವು ಆ ಮನೆಯೊಳಗೇ ನಿಲ್ಲುತ್ತದೆಯೇ ಎಂಬುದನ್ನು ನೋಡೋಣ. ಕೊಕ್ಕೆಹುಳುವಿನಿಂದಲೇ ಆರಂಭಿಸಬಹುದು, ಅದು ಒಂದು ಮನೆಯ ಅಂಗಳದಿಂದ ಇನ್ನೊಂದಕ್ಕೆ ಹೋಗುವಾಗ ಆಸ್ತಿ ಅಂತಸ್ತು ಕೇಳುವುದಿಲ್ಲ. ಕೀನ್ಯಾ ದೇಶದ ಬುಸಿಯಾ ಎಂಬಲ್ಲಿ 1998ರಿಂದ 75 ಶಾಲೆಗಳಲ್ಲಿ ಹಂತಹಂತವಾಗಿ ಹುಳುವಿನ ಮಾತ್ರೆ ಕೊಟ್ಟು ಎಡ್ವರ್ಡ್ ಮಿಗೆಲ್, ಮೈಕಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು ಫಲವನ್ನು ಪರಿಶೀಲಿಸಿದರು. ಗೈರುಹಾಜರಿ ಕಾಲುಭಾಗದಷ್ಟು ಇಳಿಯಿತು. ಮಾತ್ರೆ ತಿನ್ನದ ನೆರೆಯ ಮಕ್ಕಳಿಗೂ ಸೋಂಕು ತಗ್ಗಿತೆಂದು ಅವರು ಬರೆದರು. 2015ರಲ್ಲಿ ಈ ಲೆಕ್ಕಗಳನ್ನು ಮತ್ತೆ ಮಾಡಿದವರು ಕೆಲವು ತಪ್ಪುಗಳನ್ನು ತೋರಿಸಿ, ದೂರದ ಶಾಲೆಗಳಿಗಾದ ಲಾಭವನ್ನು ಪ್ರಶ್ನಿಸಿದ್ದುಂಟು. ವಾದ ಇನ್ನೂ ಮುಗಿದಿಲ್ಲ. ಆದರೆ ಮಣ್ಣಿಗೆ ಬೀಳುವ ಮೊಟ್ಟೆ ಕಡಿಮೆಯಾದರೆ ಅದೇ ಮಣ್ಣನ್ನು ತುಳಿಯುವವರೆಲ್ಲರಿಗೂ ಅಷ್ಟಷ್ಟು ಕ್ಷೇಮವೆಂಬ ತತ್ತ್ವದಲ್ಲಿ ವಿವಾದವಿಲ್ಲ.

ಅಕ್ಷರವೂ ಹೀಗೆಯೇ ಹರಡುತ್ತದೆ. ಕೌಶಿಕ್ ಬಸು ಮತ್ತು ಜೇಮ್ಸ್ ಫಾಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 1998ರಲ್ಲಿ ಒಂದು ಸರಳವಾದ ಭೇದವನ್ನು ಸೂಚಿಸಿದರು. ಓದಬಲ್ಲ ಒಬ್ಬರಾದರೂ ಇರುವ ಮನೆಯ ನಿರಕ್ಷರಿ ಬೇರೆ. ಯಾರೂ ಓದಲಾರದ ಮನೆಯ ನಿರಕ್ಷರಿ ಬೇರೆ. ಮೊದಲನೆಯವನು ಮಗಳಿಂದ ಔಷಧದ ಚೀಟಿ ಓದಿಸಿಕೊಳ್ಳುತ್ತಾನೆ. ಎರಡನೆಯವನು ಅಂಗಡಿಯವನನ್ನೇ ನಂಬಬೇಕು. ಒಂದು ಕೊಪ್ಪದಲ್ಲಿ ಒಂದೇ ಮಗು ಏಳನೆಯ ತರಗತಿ ಮುಗಿಸಿದರೂ ನಾಲ್ಕು ಮನೆಗಳಿಗೆ ಕಣ್ಣು ಬಂದಂತೆ.

ಈ ಮಾತಿನ ತೂಕ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಇದು ಗೇಣಿಯ ನಾಡಾಗಿತ್ತು. ಉಳುವವನು ಒಬ್ಬ, ಒಡೆಯ ಇನ್ನೊಬ್ಬ. ಕೊಟ್ಟ ಗೇಣಿಗೆ ರಸೀದಿ ಸಿಕ್ಕಿತೇ, ಸಿಕ್ಕಿದರೆ ಅದರಲ್ಲಿ ಏನು ಬರೆದಿದೆ ಎಂದು ತಿಳಿಯದ ಒಕ್ಕಲು ತಲೆಮಾರುಗಳ ಕಾಲ ಹೆಬ್ಬೆಟ್ಟು ಒತ್ತಿದನು. 1974ರ ಭೂಸುಧಾರಣಾ ಕಾನೂನಿನಲ್ಲಿ ಉಳುವವನು ಒಡೆಯನಾಗಲು ಏಳನೆಯ ನಮೂನೆಯ ಅರ್ಜಿಯನ್ನು ಅವಧಿಯೊಳಗೆ ತುಂಬಿಕೊಡಬೇಕಾಯಿತು. ಒಂದು ಹಾಳೆಯ ಮೇಲಿನ ಅಕ್ಷರಕ್ಕೆ ಗದ್ದೆಯಷ್ಟು ಬೆಲೆ ಬಂದ ಸಂದರ್ಭವದು.

ಭೂಮಿಗೂ ಅಕ್ಷರಕ್ಕೂ ಇರುವ ಈ ನಂಟನ್ನು ಬಹಳ ಮುಂಚೆಯೇ ಕಂಡವರು ದಿನಕರ ದೇಸಾಯಿಯವರು (1909–1982). ಚುಟುಕಗಳ ಕವಿಯೆಂದು ನಾಡಿಗೆಲ್ಲ ಪರಿಚಿತರಾದ ಇವರು ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು. ಗೇಣಿದಾರರನ್ನು ಸಂಘಟಿಸಿದ್ದಕ್ಕಾಗಿ 1940ರಿಂದ ಐದು ವರ್ಷ ಜಿಲ್ಲೆಯಿಂದ ಗಡಿಪಾರಾದರು. ಮರಳಿ ಬಂದು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಒಕ್ಕಲು ಮಕ್ಕಳ ಊರುಗಳ ಹತ್ತಿರಕ್ಕೆ ಪ್ರೌಢಶಾಲೆಗಳನ್ನು ಒಯ್ದರು. ಅವುಗಳಲ್ಲಿ ಅನೇಕಕ್ಕೆ ಜನತಾ ವಿದ್ಯಾಲಯವೆಂದೇ ಹೆಸರು. ಶಾಲೆಯ ಬಳಿಗೆ ಮಗು ಬರಲಾರದಿದ್ದರೆ ಮಗುವಿನ ಬಳಿಗೆ ಶಾಲೆ ಹೋಗಬೇಕೆಂಬುದು ಅವರ ಲೆಕ್ಕ. ಭಟ್ಕಳದಲ್ಲಿ ನವಾಯತ ಸಮಾಜದ ಹಿರಿಯರು ಇದಕ್ಕೂ ಮುಂಚೆ, 1919ರಲ್ಲಿ, ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿ ಶಾಲಾಕಾಲೇಜುಗಳನ್ನು ನಡೆಸುತ್ತ ಬಂದರು. ಊರಿನಲ್ಲಿ ಹಣವಿದ್ದ ಮಾತ್ರಕ್ಕೆ ಬಡಮಕ್ಕಳಿಗೆ ಓದು ಬರುವುದಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1860ರ ದಶಕದಲ್ಲಿ, ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗೇರಿತು. ಹೊರಗಿನ ಪೇಟೆಗಳಲ್ಲಿ ಆ ಹತ್ತಿಗೆ 'ಕುಮಟಾ' ಎಂಬುದೇ ಹೆಸರಾಯಿತು. ಮೂಟೆ ಹೊತ್ತ ಹಮಾಲನ ಮಗನಿಗೆ ಆ ಹಣ ಅಕ್ಷರವಾಗಿ ತಿರುಗಲಿಲ್ಲ. ಹಣವನ್ನು ಶಾಲೆಯಾಗಿ ಮಾರ್ಪಡಿಸುವ ಸಂಸ್ಥೆ ನಡುವೆ ಬೇಕು.

ಅಂಥ ಏರ್ಪಾಡುಗಳಲ್ಲಿ ಅತ್ಯಂತ ಸಾದಾ ಎನಿಸುವುದು ಮಧ್ಯಾಹ್ನದ ಊಟ. ಮದರಾಸಿನಲ್ಲಿ ಕಾಮರಾಜರು 1956ರಲ್ಲಿ ವಿಸ್ತರಿಸಿದ ಈ ಪದ್ಧತಿ, ಸರ್ವೋಚ್ಚ ನ್ಯಾಯಾಲಯದ 2001ರ ನವೆಂಬರ್ ಆಜ್ಞೆಯ ತರುವಾಯ ದೇಶಕ್ಕೆಲ್ಲ ಬಂತು. ಕರ್ನಾಟಕದಲ್ಲಿ 'ಅಕ್ಷರ ದಾಸೋಹ'ವೆಂಬ ಹೆಸರಿನಿಂದ 2002–03ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳನ್ನು ಮುಟ್ಟಿತು. 2013ರ ಆಗಸ್ಟಿನಿಂದ ಹಾಲು, 2021ರ ಅನಂತರ ಮೊಟ್ಟೆ ಸೇರಿದವು. ಯೋಜಿಸಿದವರು ನಮ್ಮ ಕರಾವಳಿಯ ಪಂಚಾಂಗವನ್ನು ನೋಡಿ ಮಾಡಿದ್ದಲ್ಲ. ಆದರೂ ದೋಣಿಗಳು ದಡಕ್ಕೆ ಬಂದು ಮನೆಯ ಗಂಜಿ ತೆಳುವಾಗುವ ತಿಂಗಳಿನಲ್ಲಿಯೇ ಶಾಲೆಯ ಒಲೆ ಹೊತ್ತಿಕೊಳ್ಳುತ್ತದೆ. ಈ ಊಟದ ಫಲ ಉಂಡವರಲ್ಲಿಗೇ ಮುಗಿಯುವುದಿಲ್ಲವೆಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಸುಮನ್ ಚಕ್ರವರ್ತಿ ಮತ್ತು ಅವರ ಸಂಗಡಿಗರು 1993ರಿಂದ 2016ರ ವರೆಗಿನ ಭಾರತದ ಸಮೀಕ್ಷೆಗಳನ್ನು ಜೋಡಿಸಿ ನೋಡಿದಾಗ, ಬಾಲ್ಯದಲ್ಲಿ ಶಾಲೆಯ ಊಟ ದೊರೆತ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಕೂಸುಗಳು ವಯಸ್ಸಿಗೆ ತಕ್ಕ ಎತ್ತರದಲ್ಲಿ ಮುಂದಿದ್ದವು. ಒಂದು ತಲೆಮಾರಿನ ತಟ್ಟೆಗೆ ಬಡಿಸಿದ್ದು ಮುಂದಿನ ತಲೆಮಾರಿನ ಎಲುಬಿಗೆ ಸೇರಿತೆಂದಾಯಿತು.

ಆದರೆ ಶಾಲೆಯ ಊಟ ಆರನೆಯ ವಯಸ್ಸಿಗೆ ಬರುತ್ತದೆ. ಮಿದುಳು ಕಟ್ಟಿಕೊಳ್ಳುವುದು ಮೊದಲ ಎರಡು ವರ್ಷಗಳಲ್ಲಿ ಎಂಬುದನ್ನು ಮೇಲೆ ಕಂಡೆವು. ಗ್ವಾಟೆಮಾಲಾ ದೇಶದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರ ವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಲ್ಲಿ ಪ್ರೋಟೀನು ತುಂಬಿದ ಗಂಜಿ, ಇನ್ನೆರಡರಲ್ಲಿ ಬರಿಯ ಸಿಹಿಪಾನಕ. ದೊಡ್ಡವರಾದ ಮೇಲೆ ಗಂಡಸರ ಗಂಟೆಯ ಕೂಲಿಯನ್ನು ಹೋಲಿಸಿದರು: ಹುಟ್ಟಿದಂದಿನಿಂದ ಎರಡು ವರ್ಷ ಗಂಜಿ ಸಿಕ್ಕಿದವರಿಗೆ ಶೇಕಡಾ 46ರಷ್ಟು ಹೆಚ್ಚು. ಮೂರು ವರ್ಷ ದಾಟಿದ ಮೇಲೆ ಗಂಜಿ ಕುಡಿದವರ ಕೂಲಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕರ್ನಾಟಕದಲ್ಲಿ ಈ ವಯಸ್ಸಿನ ಹೊಣೆ ಅಂಗನವಾಡಿಯದು. 2017ರ ಅಕ್ಟೋಬರಿನಲ್ಲಿ ಆರಂಭವಾದ 'ಮಾತೃಪೂರ್ಣ' ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ದಿನವೂ ಬಿಸಿಯೂಟವೆಂದು ಗೊತ್ತುಮಾಡಿದರು. ಬಯಲುಸೀಮೆಯ ಒತ್ತಾದ ಊರಿಗೆ ಇದು ಸರಿಹೊಂದೀತು. ಇಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಆಷಾಢದ ಮಳೆಯಲ್ಲಿ ತುಂಬು ಬಸುರಿ ಸಂಕ ದಾಟಿ ಒಂದು ಊಟಕ್ಕಾಗಿ ಹೋಗಿಬರಬೇಕು. ಅಂಥ ಮನೆಗಳಿಗೆ ಮಳೆಗಾಲದ ನಾಲ್ಕು ತಿಂಗಳಾದರೂ ಅಕ್ಕಿ, ಬೇಳೆ, ಮೊಟ್ಟೆಗಳನ್ನು ತಲಪಿಸುವುದು, ಅಂಗನವಾಡಿಯ ದಾರಿಯ ಹಳ್ಳಕ್ಕೆ ಮೊದಲು ಗಟ್ಟಿ ಕಾಲುಸೇತುವೆ ಹಾಕುವುದು, ಇವೆರಡೂ ಗ್ರಾಮ ಪಂಚಾಯತಿ, ತಾಲ್ಲೂಕು ಪಂಚಾಯತಿಗಳ ಕೈಗೆ ನಿಲುಕುವ ಕೆಲಸಗಳು. ಮೇ ತಿಂಗಳ ಕೊನೆಯೊಳಗೆ ಮುಗಿಯಬೇಕಾದ ಕೆಲಸಗಳು.